ಚನ್ನರಾಯಪಟ್ಟಣ ಬಂದೆ

ಲಾರಿ ಓಡಿಸುವವರ ಬಾಯಲ್ಲಿ 'ಬಂದೆ' ಎಂಬ ಮಾತಿಗೆ ಅರ್ಥವೇ ಬೇರೆ. ಮಾರ್ಕೆಟ್ಟಿನ ಏಜೆಂಟ್ ಫೋನ್ ಮಾಡಿ ಎಲ್ಲಿದ್ದೀಯ ಎಂದರೆ, ಬಂಕಿನಲ್ಲಿ ಡೀಸೆಲ್ಲಿಗೆ ಸಾಲು ನಿಂತಿದ್ದರೂ 'ಬಂದೆ ಸಾ' ಎನ್ನುತ್ತೇವೆ. ಹಾಗೆನ್ನದಿದ್ದರೆ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಿ ತಲೆ ತಿನ್ನುತ್ತಾನೆ. ಹಾಸನದಿಂದ ಪುಣೆಗೆ ಶುಂಠಿ, ಆಲೂಗಡ್ಡೆ ಹೇರಿಕೊಂಡು ವರ್ಷಗಟ್ಟಲೆ ತಿರುಗಿದ ನನಗೆ ಆ ಮಾತು ನಾಲಿಗೆಗೇ ಅಂಟಿಕೊಂಡಿತ್ತು. ಮನೆಯವರಿಗೂ, ಇನ್ನೂ ಮುಟ್ಟದ ಊರಿನ ಹೆಸರು ಹಿಡಿದು ಅದನ್ನೇ ಹೇಳುತ್ತಿದ್ದೆ.

ಬಾಯಲ್ಲಿ ಸುಳ್ಳಿತ್ತೇ ಹೊರತು ತಲೆಯೊಳಗಿನ ಲೆಕ್ಕದಲ್ಲಿ ಇರಲಿಲ್ಲ. ಹೋಗುವಾಗ ನಿಪ್ಪಾಣಿಯಲ್ಲಿ ಟ್ಯಾಂಕ್ ತುಂಬಿಸಬೇಕು, ಗಡಿ ದಾಟಿದರೆ ಡೀಸೆಲ್ ರೇಟು ಜಾಸ್ತಿ. ಬರುವಾಗ ಮತ್ತೆ ನಿಪ್ಪಾಣಿ ಮುಟ್ಟುವಷ್ಟು ಉಳಿದಿರಬೇಕು. ಆಮೇಲೆ ಹಿರಿಯೂರಿನ ಬಂಕು. ಅಲ್ಲಿ ಸ್ನಾನಕ್ಕೆ ನೀರಿದೆ, ಪಕ್ಕದಲ್ಲೇ ಊಟ. ಡೀಸೆಲ್ ಜೊತೆಗೆ ಯೂರಿಯಾವನ್ನೂ ಅಲ್ಲೇ ಹಾಕಿಸುತ್ತಿದ್ದೆ. ಯೂರಿಯಾ ಎಂದರೆ ಹೊಲಕ್ಕೆ ಎರಚುವ ಗೊಬ್ಬರವಲ್ಲ. ಹೊಗೆ ಕಡಿಮೆಯಾಗಲೆಂದು ಹೊಸ ಲಾರಿಗಳಲ್ಲಿ ಬೇರೆಯೇ ಟ್ಯಾಂಕಿಗೆ ಸುರಿಯುವ ನೀರಿನಂಥ ಪದಾರ್ಥ. ಅದು ಮುಗಿದರೆ ಡೀಸೆಲ್ ಎಷ್ಟಿದ್ದರೂ ಎಂಜಿನ್ ಸರಿಯಾಗಿ ಎಳೆಯುವುದಿಲ್ಲ. ಇದೆಲ್ಲ ಮುಗಿಸಿ ಒಂದು ಗಳಿಗೆ ಕಣ್ಣು ಮುಚ್ಚಿ ಏಳುವ ಹೊತ್ತಿಗೆ ಎರಡು ಗಂಟೆ ಹಿಡಿಯುತ್ತಿತ್ತು. ಆ ಎರಡು ಗಂಟೆಯನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ.

ಅದನ್ನು ಪತ್ತೆ ಹಚ್ಚಿದವಳು ನಮ್ಮವ್ವ. ನಮ್ಮೂರ ಪಕ್ಕದ ಹಳ್ಳಿಮೈಸೂರು ದಾಟಿ ಅವಳು ಊರು ನೋಡಿದ್ದು ಅಷ್ಟಕ್ಕಷ್ಟೆ. ಆದರೆ ನನ್ನ ದಾರಿಯ ಊರುಗಳೆಲ್ಲ ಅವಳಿಗೆ ಬಾಯಿಪಾಠ. ನಾನು ಫೋನ್ ಇಟ್ಟೊಡನೆ ಮನೆಯಲ್ಲಿ ಹೇಳುತ್ತಿದ್ದಳಂತೆ:

"ಒಂದೂರು ಇಂದಕ್ಕೆ ಆಕ್ಕಳಿ. ಅವ್ನು ಚನ್ರಾಯಪಟ್ಣ ಅಂದ್ರೆ ತಿಪ್ಟೂರು, ತಿಪ್ಟೂರು ಅಂದ್ರೆ ಉಳಿಯಾರು. ಈಗ್ಲೇ ಎಸರಿಟ್ರೆ ಮುದ್ದೆ ಕಲ್ಲಾಯ್ತದೆ."

ಅವಳ ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ನಾನು ಬಾಗಿಲಿಗೆ ಬರುವುದಕ್ಕೂ ಮುದ್ದೆ ತಟ್ಟೆಗೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ನನಗೆ ನಗು ಬರುತ್ತಿತ್ತು, ಒಳಗೊಳಗೆ ಹೆಮ್ಮೆಯೂ ಆಗುತ್ತಿತ್ತು. ನನ್ನ ಹೆಂಡತಿಗೆ ಮಾತ್ರ ಈ ಆಟ ಹಿಡಿಸುತ್ತಿರಲಿಲ್ಲ. ವಾಟ್ಸಾಪಿನಲ್ಲಿ ಲೊಕೇಶನ್ ಹಾಕಿ, ಎಲ್ಲಿದ್ದೀರಿ ಅಂತ ನಾವೇ ನೋಡಿಕೊಳ್ಳುತ್ತೇವೆ ಎಂದಳು. ನಾನು ರೇಗಿಬಿಟ್ಟೆ. ಓನರ್ ಜಿಪಿಎಸ್ ಹಾಕಿ ಕಾಯುವುದು ಸಾಲದೆ, ನೀವೂ ಕಾಯಬೇಕಾ, ನಾನೇನು ಕಳ್ಳನಾ ಎಂದು ಕೂಗಾಡಿದೆ. ಅವಳು ಮತ್ತೆ ಕೇಳಲಿಲ್ಲ.

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ಪುಣೆಯಿಂದ ಹಾಸನಕ್ಕೆ ಕಬ್ಬಿಣದ ಪೈಪು ಹೇರಿಕೊಂಡು ಬರುತ್ತಿದ್ದೆ. ದಾವಣಗೆರೆ ದಾಟಿ ಒಂದು ಢಾಬಾ ಮುಂದೆ ಹಲ್ಲುಜ್ಜುತ್ತಿದ್ದಾಗ ತಮ್ಮನ ಫೋನ್ ಬಂತು. ಬೆಳಿಗ್ಗೆ ಎಂಟೂವರೆ.

"ಅಣ್ಣ, ಅವ್ವ ಓಗ್ಬುಟ್ಲು ಕಣಣ್ಣ. ಮಲಗಿದ್ದೋಳು ಏಳ್ಲೇ ಇಲ್ಲ."

ಬಾಯಲ್ಲಿದ್ದ ನೊರೆ ಉಗಿಯುವುದೂ ತೋಚದೆ ನಿಂತೆ. ಅಷ್ಟರಲ್ಲಿ ದೊಡ್ಡಪ್ಪ ಫೋನ್ ಇಸಿದುಕೊಂಡರು.

"ನೋಡ್ಲಾ, ದೊಡ್ಮಗ ನೀನು. ಮೊದ್ಲು ಮಣ್ಣಾಕೋನು ನೀನೇಯ. ನಾಳೆ ಅಮಾಸೆ, ಇವತ್ತು ಒತ್ತು ಮುಳುಗೋದ್ರೊಳ್ಗೇ ಎಲ್ಲ ಆಗ್ಬೇಕು. ಎಷ್ಟೊತ್ತಿಗೆ ಬತ್ತೀಯ?"

"ಐದರೊಳ್ಗೆ ಬತ್ತೀನಿ ದೊಡ್ಡಪ್ಪ. ನಾನು ಬರೋಗಂಟ ಎತ್ಬೇಡಿ."

ಓನರಿಗೆ ಹೇಳಿದೆ. "ಮೊದ್ಲು ಊರಿಗೋಗು, ಪೈಪು ಎಲ್ಗೂ ಓಡೋಗಲ್ಲ" ಎಂದರು.

ಡೀಸೆಲ್ ಮುಳ್ಳು ಕಾಲು ಭಾಗಕ್ಕೆ ಇಳಿದಿತ್ತು. ಮನೆ ಮುಟ್ಟಲು ಸಾಲದು. ಯೂರಿಯಾ ದೀಪವೂ ಹತ್ತಿತ್ತು. ಹಿರಿಯೂರಿನ ಬಂಕಿಗೆ ಹೋದರೆ ಆ ಹೊತ್ತಿಗೆ ಲಾರಿಗಳ ಸಾಲು, ಮುಕ್ಕಾಲು ಗಂಟೆ ಹೋಯಿತೆಂದೇ ಲೆಕ್ಕ. ಹುಳಿಯಾರಿನ ದಾರಿಯಲ್ಲಿ ಟ್ರ್ಯಾಕ್ಟರು, ಬೈಕುಗಳು ಬರುವ ಒಂದು ಚಿಕ್ಕ ಬಂಕು ನೆನಪಾಯಿತು. ಅಲ್ಲಿಯವರೆಗೆ ಡೀಸೆಲ್ ತಡೆಯುತ್ತದೋ ಇಲ್ಲವೋ ಎಂದು ಮುಳ್ಳನ್ನೇ ನೋಡುತ್ತ ಓಡಿಸಿದೆ. ತಡೆಯಿತು. ಮನೆ ಮುಟ್ಟುವಷ್ಟು ಡೀಸೆಲ್, ಒಂದು ಬಕೆಟ್ ಯೂರಿಯಾ, ಹತ್ತೇ ನಿಮಿಷ. ಊಟ ಮಾಡಲಿಲ್ಲ, ಟೀ ಕೂಡ ಕುಡಿಯಲಿಲ್ಲ. ದಾರಿಯುದ್ದಕ್ಕೂ ಅಳು ಬಂದಾಗಲೆಲ್ಲ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡೆ, ಒದ್ದೆ ಕಣ್ಣಿಗೆ ರಸ್ತೆ ಕಾಣುವುದಿಲ್ಲ. ಇಷ್ಟು ಕರಾರುವಾಕ್ಕಾಗಿ ನಾನು ಯಾವ ಲೋಡನ್ನೂ ಮುಟ್ಟಿಸಿದ್ದಿಲ್ಲ.

ಮೂರೂಕಾಲಿಗೆ ಚನ್ನರಾಯಪಟ್ಟಣದ ಒಳಗಿದ್ದೆ. ಗಾಡಿ ಬದಿಗೆ ಹಾಕಿ ತಮ್ಮನಿಗೆ ಫೋನ್ ಮಾಡಿದೆ.

"ಚನ್ನರಾಯಪಟ್ಟಣ ಬಂದೆ ಕಣ್ಲಾ. ಐದರೊಳ್ಗೆ ಅಲ್ಲಿರ್ತೀನಿ."

"ಊಂ ಅಣ್ಣ, ಉಸಾರಾಗಿ ಬಾ" ಎಂದ. ದನಿ ಬಹಳ ಮೆತ್ತಗಿತ್ತು. ಅತ್ತು ಅತ್ತು ಹಾಗಾಗಿದೆ ಎಂದುಕೊಂಡೆ.

ಹೊಳೆನರಸೀಪುರದ ಪೇಟೆಯಲ್ಲಿ ಹಾರನ್ ಮೇಲಿನ ಕೈ ತೆಗೆಯದೆ ದಾಟಿದೆ. ನಮ್ಮೂರ ಓಣಿಗೆ ಲಾರಿ ಹೋಗುವುದಿಲ್ಲ, ರಸ್ತೆ ಪಕ್ಕ ನಿಲ್ಲಿಸಿ ಇಳಿದೆ. ಐದಕ್ಕೆ ಹತ್ತು ನಿಮಿಷವಿತ್ತು. ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಎದುರಿಗೆ ಹೊಲದ ಕಡೆಯಿಂದ ಜನ ಬರುತ್ತಿದ್ದರು. ಎಲ್ಲರ ಕಾಲೂ ಒದ್ದೆ, ಹೆಗಲ ಮೇಲಿನ ಟವೆಲ್ಲೂ ಒದ್ದೆ. ಮಣ್ಣು ಮಾಡಿ, ಪಂಪ್‌ಸೆಟ್ ನೀರಲ್ಲಿ ಕೈಕಾಲು ತೊಳೆದುಕೊಂಡು ಬರುತ್ತಿದ್ದಾರೆಂದು ನೋಡಿದ ಕೂಡಲೇ ತಿಳಿಯಿತು.

ಮುಂದಿದ್ದ ತಮ್ಮನ ತಲೆ ಬೋಳಾಗಿತ್ತು. ನನ್ನನ್ನು ಕಂಡು ಅವನು ಅಲ್ಲೇ ನಿಂತುಬಿಟ್ಟ. ನಾನು ಓಡಿಹೋಗಿ ಅವನ ಕುತ್ತಿಗೆ ಪಟ್ಟಿ ಹಿಡಿದೆ. ನಾಲ್ಕು ಜನರ ಮುಂದೆ ತಮ್ಮನ ಮೇಲೆ ಕೈ ಎತ್ತಿದ್ದು ಅದೇ ಮೊದಲು. ದೊಡ್ಡಪ್ಪ ನಡುವೆ ಬಂದರು.

"ಬುಡ್ಲಾ ಅವನ್ನ! ನಾಕು ಗಂಟೆಗಂಟ ಕಾದೋ. ನಾನೇ ಎತ್ಸಿದ್ದು."

"ಚನ್ನರಾಯಪಟ್ಟಣ ಬಂದೆ ಅಂತ ಏಳ್ಲಿಲ್ವಾ ನಾನು?"

ತಮ್ಮನೇ, ನನ್ನ ಕೈ ಬಿಡಿಸಿಕೊಳ್ಳದೆ, ಮೆಲ್ಲಗೆ ಹೇಳಿದ.

"ಅವ್ವ ಏಳ್ಕೊಟ್ಟಂಗೇ ಒಂದೂರು ಇಂದಕ್ಕೆ ಆಕ್ಕಂಡೋ ಕಣಣ್ಣ. ನೀನಿನ್ನೂ ತಿಪ್ಟೂರ್ನಾಗಿದೀಯ, ಬರೋ ಒತ್ಗೆ ಕತ್ಲಾಯ್ತದೆ ಅಂದ್ಕಂಡೋ."

ಕೈ ತಾನಾಗಿಯೇ ಇಳಿಯಿತು. ಅವರ ಜಾಗದಲ್ಲಿ ಅವ್ವ ಇದ್ದಿದ್ದರೂ ಎತ್ತಿಬಿಡಿ ಎಂದೇ ಹೇಳುತ್ತಿದ್ದಳು.

ತಮ್ಮ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದ. ಗುಡ್ಡೆ ಮಾಡಿ ನೀರು ಚಿಮುಕಿಸಿದ್ದರು, ಹೂವು ಇನ್ನೂ ಬಾಡಿರಲಿಲ್ಲ. ಮುಖ ಕಾಣುವಾಗ ಹಾಕಬೇಕಾಗಿದ್ದ ಮೂರು ಹಿಡಿ ಮಣ್ಣನ್ನು ಗುಡ್ಡೆಯ ಮೇಲೆ ಹಾಕಿದೆ. ಡೀಸೆಲ್ ವಾಸನೆ ಬರುತ್ತಿದ್ದ ಕೈಯನ್ನು ಅಲ್ಲೇ ಊರಿ ಕುಳಿತುಕೊಂಡೆ.

"ಇವತ್ತು ನಿಜ್ವಾಗ್ಲೂ ಚನ್ನರಾಯಪಟ್ಟಣದಲ್ಲೇ ಇದ್ದೆ ಕಣವ್ವ" ಎಂದೆ.