ಸಂಕಷ್ಟಿಯ ಸಂಜೆ ಕಂಡ ದೀಪದ ಸಾಲು

ನಾನು ಸಂಕಷ್ಟಿ ಹಿಡಿದು ಇಪ್ಪತ್ತು ವರ್ಷದ ಮೇಲಾಯಿತು. ದಿನವಿಡೀ ಉಪವಾಸ, ಸಂಜೆ ಗಣಪತಿಗೆ ಪೂಜೆ, ಚಂದ್ರನನ್ನು ನೋಡಿದ ಮೇಲೆ ಊಟ. ಹೋದ ವರ್ಷ ಒಂದು ಸಂಕಷ್ಟಿಯಂದು ಮೋದಕ ಮಾಡುವಾಗ ತಲೆ ಸುತ್ತಿ, ಅಡುಗೆಕಟ್ಟೆ ಹಿಡಿದು ನಿಂತುಬಿಟ್ಟೆ. ಅದು ನಮ್ಮ ಮನೆಯವರ ಕಣ್ಣಿಗೆ ಬಿತ್ತು.

"ಇನ್ನೊಮ್ಮೆ ಹಿಂಗಾತಂದ್ರ ಉಪವಾಸ ಬಂದ್. ಗಣಪತಿಗೆ ನಾನ ಹೇಳ್ತೀನಿ" ಎಂದರು.

ಮುಂದಿನ ಸಂಕಷ್ಟಿಗೆ ಜಪಮಾಲೆ ಹಿಡಿದು ಬೇಗನೆ ಟೆರೇಸಿಗೆ ಹೋದೆ. ಕೆಳಗೆ ಕೂತರೆ ಮನಸ್ಸು ಅಡುಗೆಮನೆಗೇ ಓಡುತ್ತದೆ. ಆಗಷ್ಟೇ ಕತ್ತಲಾಗಿತ್ತು, ಚಂದ್ರೋದಯಕ್ಕೆ ಇನ್ನೂ ಒಂದು ತಾಸಿತ್ತು. ಪಶ್ಚಿಮದಿಂದ ದೀಪಗಳ ಸಾಲೊಂದು ಎದ್ದು ಬಂತು. ಸದ್ದಿಲ್ಲ, ಗದ್ದಲವಿಲ್ಲ, ಪಂಢರಪುರಕ್ಕೆ ಹೊರಟ ವಾರಕರಿಗಳಂತೆ ಒಂದರ ಹಿಂದೆ ಒಂದು. ಹೆದರಿಕೆಯೇನೂ ಆಗಲಿಲ್ಲ. ಕೈ ಮುಗಿದು, ದೀಪಕ್ಕೊಂದರಂತೆ ಮಣಿ ಸರಿಸಿದೆ. ಇಪ್ಪತ್ತೆರಡಾದವು.

ಕೆಳಗೆ ಬಂದು ಹೇಳಿದರೆ ಇವರು ನಕ್ಕರು. "ಹೊಟ್ಟಿ ಖಾಲಿ ಇದ್ರ ಕಣ್ಣಾಗ ಚುಕ್ಕಿ ಕಾಣ್ತಾವ."

"ಚುಕ್ಕಿ ಸಾಲಾಗಿ ಬರ್ತಾವೇನ್ರಿ?"

"ಭಾಳ ಹಸದಿದ್ರ ಪಾಳಿ ಹಚ್ಚಿನೂ ಬರ್ತಾವ. ಇದ ನಿನ್ನ ಕಡೇ ಸಂಕಷ್ಟಿ."

ಆ ದಿನ ಒಂದೇ ಮೋದಕ ತಿಂದು ಎದ್ದೆ. ಉಪವಾಸವಿಲ್ಲದೆ ಚೌತಿಯನ್ನು ಹೇಗೆ ಕಳೆಯುವುದೆಂದೇ ನನಗೆ ಗೊತ್ತಿಲ್ಲ.

ಎರಡು ದಿನದ ಮೇಲೆ ಠಾಣೆಯಿಂದ ಒಬ್ಬ ಹವಾಲ್ದಾರ ಬಂದ. ಕಳ್ಳರು ಡ್ರೋನ್ ಹಾರಿಸಿ ಮನೆಗಳನ್ನು ನೋಡಿಟ್ಟುಕೊಳ್ಳುತ್ತಿದ್ದಾರೆಂದು ಪಕ್ಕದ ಬಿಲ್ಡಿಂಗಿನವರೊಬ್ಬರು ದೂರು ಕೊಟ್ಟಿದ್ದರಂತೆ. ನಾವಿರುವುದು ಮರಾಠಿ ಮಾತಾಡುವ ಊರು; ದೇವರು ದೊಡ್ಡವನು, ಆತ ಅಕ್ಕಲಕೋಟೆಯ ಕಡೆಯವನು, ಕನ್ನಡ ಬರುತ್ತಿತ್ತು.

"ಅಕ್ಕಾರ, ನೀವೇನರ ನೋಡೀರೇನು?"

ನಾನು ಬಾಯಿ ತೆರೆಯುವ ಮೊದಲೇ ಇವರೆಂದರು, "ಆಕಿ ಉಪವಾಸ ಇದ್ಲರಿ. ಆಕಿ ಮಾತು ಬರ್ಕೋಬ್ಯಾಡ್ರಿ."

"ಬರ್ಕೊಳ್ಳೋದ ನನ್ನ ಕೆಲಸರೀ ಸಾಹೇಬ್ರ. ಒಬ್ರು ಹತ್ತು ಅಂತಾರ, ದೂರು ಕೊಟ್ಟವ್ರು ನೂರು ಅಂತಾರ. ಅಕ್ಕಾರ, ನೀವೆಷ್ಟಂತೀರಿ?"

"ಇಪ್ಪತ್ತೆರಡು. ಮಣಿ ಎಣಿಸೀನಿ. ಏಳೂ ಮುಕ್ಕಾಲಾಗಿತ್ತು, ಗಡಿಯಾರ ನೋಡೇ ಹೋಗಿದ್ದೆ."

ದಿಕ್ಕನ್ನೂ ಕೇಳಿ ಬರೆದುಕೊಂಡು, ಚಹಾ ಕುಡಿದು ಹೋದ. ವಾರದ ಮೇಲೆ ಮತ್ತೆ ಬಂದ. ಎಲ್ಲರ ಹೇಳಿಕೆಗಳನ್ನೂ ಅವನ ಮೇಲಧಿಕಾರಿಗಳು ಆಕಾಶ ಬಲ್ಲ ವಿಜ್ಞಾನಿಗಳಿಗೆ ಕಳಿಸಿದ್ದರಂತೆ.

"ಕಳ್ಳರೂ ಅಲ್ಲ, ಡ್ರೋನೂ ಅಲ್ಲ. ಉಪಗ್ರಹ. ಒಂದ ರಾಕೆಟ್‌ನ್ಯಾಗ ಒಯ್ದು ಬಿಟ್ಟಾರಂತ. ಇನ್ನೂ ಚದರಿಲ್ಲ, ಅದಕ್ಕ ಸಾಲಾಗಿ ಹೊಂಟಾವ. ಅಕ್ಕಾರು ಹೇಳಿದ ಟೈಮು, ದಿಕ್ಕು, ಎರಡೂ ಬರೋಬ್ಬರಿ."

"ಎಷ್ಟಿದ್ದುವಂತ?" ಇವರು ಬಿಡಲಿಲ್ಲ.

ಹವಾಲ್ದಾರ ಕಾಗದ ತಿರುವಿದ. "ಇಪ್ಪತ್ತಮೂರು."

"ನೋಡಿದ್ಯಾ? ಒಂದು ಬಿಟ್ಟೀ!"

ಕೈ ಮುಗಿಯುವಾಗ ಒಂದು ಮಣಿ ತಪ್ಪಿರಬೇಕು. ಹವಾಲ್ದಾರನೇ ನಕ್ಕು ಹೇಳಿದ, "ಸಾಹೇಬ್ರ, ನೂರು ಅಂದವ್ರು ಹೊಟ್ಟಿ ತುಂಬ ಉಂಡು ನೋಡಿದವ್ರರಿ!"

ಇವರಿಗೂ ನಗು ತಡೆಯಲಾಗಲಿಲ್ಲ. ಆತ ಹೋದ ಮೇಲೆ ಪೇಪರ್ ಮಡಿಸಿಟ್ಟು, "ಆತು, ಮಾಡು. ಆದ್ರ ನಾಲ್ಕು ಗಂಟೇಕ್ಕ ಒಂದು ಬಾಳೆಹಣ್ಣು, ಒಂದು ಗ್ಲಾಸ್ ಮಜ್ಜಿಗಿ ತಗೋಬೇಕು" ಎಂದರು. ಉಪವಾಸಕ್ಕೆ ಹಣ್ಣು ನಿಷಿದ್ಧವಲ್ಲ, ಒಪ್ಪಿಕೊಂಡೆ.

ಈಗ ಪ್ರತಿ ಸಂಕಷ್ಟಿಗೂ ಬಾಳೆಹಣ್ಣು ಅವರೇ ಸುಲಿದು ಕೊಡುತ್ತಾರೆ. ನಾನು ತಿಂದು ಮುಗಿಸುವವರೆಗೂ ಎದುರಿಗೇ ನಿಂತಿರುತ್ತಾರೆ.