ಸಣ್ಣಜ್ಜನ ದೋಣಿಯ ಏಳನೆಯವನು

ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ಹುಳಿಸಿಹಿ ವಾಸನೆ ಎಲ್ಲಿ ಬಂದರೂ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಬೇರೆ ಯಾವುದಕ್ಕೂ ಅದು ಮುಚ್ಚಿದ್ದಿಲ್ಲ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಕೊಡ್ಲಿಪೇಟೆ ಪಕ್ಕದ ನಮ್ಮ ಮನೆಯಲ್ಲಿ ಅಜ್ಜಿಯ ಕೆಮ್ಮು, ತೋಟದ ಲೆಕ್ಕ ಬರೆಯುವ ರೈಟರ ನಡಿಗೆ, ಬಾವಿ ರಾಟೆಯ ಕಿರುಚು, ಎಲ್ಲವನ್ನೂ ಅಣಕಿಸುತ್ತಿದ್ದೆ. ಹೆಚ್ಚು ನಗೆ ಗಿಟ್ಟುತ್ತಿದ್ದುದು ಅಜ್ಜನ ತಮ್ಮ ಸಣ್ಣಜ್ಜನಿಂದ. ಹಡಗಿನಲ್ಲಿ ದುಡಿಯಲು ಹೋಗಿದ್ದ ಅವರು, ಯಾವುದೋ ಪರದೇಶದ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕವರನ್ನು ಎತ್ತಿ ತರುವ ದೋಣಿಗೆ ಹುಟ್ಟು ಹಾಕುತ್ತಿದ್ದೆ ಎನ್ನುತ್ತಿದ್ದರು. ಮಗುಚಿದರೂ ತಾನೇ ಏಳುವ ದೋಣಿಯಂತೆ! ಹಾಗೆನ್ನುವ ಮನುಷ್ಯ ನಮ್ಮ ಹೊಳೆಯ ಹರಿಗೋಲಿಗೆ ಕಾಲಿಡುತ್ತಿರಲಿಲ್ಲ. ಎರಡು ಮೈಲಿ ಸುತ್ತಿ ಸೇತುವೆ ಮೇಲೆ ಬರುತ್ತಿದ್ದರು. ನಂಬುವುದು ಹೇಗೆ? "ಮಗುಚ್ತು... ಎದ್ದೇಬಿಡ್ತು!" ಎಂದು ಅವರ ಗೊಗ್ಗರು ದನಿಯಲ್ಲಿ ನಾನು ಜಗಲಿ ಮೇಲೆ ಉರುಳಿದರೆ ಮನೆಯೆಲ್ಲ ನಗುತ್ತಿತ್ತು.

ಕೊನೆಗೆ ಅಜ್ಜಿಗೆ ಸಾಕಾಯಿತು. "ಮಾಡಿ ತೋರ್ಸು ಮಾರಾಯ. ಏಳ್ಲಿಲ್ಲ ಅಂದ್ರೆ ಈ ಮನೇಲಿ ಸಮುದ್ರದ ಮಾತು ಎತ್ತಬೇಡ."

"ಆಗ್ಲಿ ಅತ್ತಿಗೆ."

ಹಾಲವಾಣದ ಹಗುರ ಮರದಲ್ಲಿ ಮೊಳದುದ್ದದ ದೋಣಿ ಕೆತ್ತಿ, ಅದರ ತಳಕ್ಕೆ ಸವೆದ ಗುದ್ದಲಿಯ ತುಂಡು ಬಡಿದರು. ಎತ್ತರದ ಎರಡು ತುದಿಗೂ ಬೆಸುಗೆ ಹಾಕಿದ ಖಾಲಿ ತಗಡಿನ ಡಬ್ಬ. "ತಲೆಕೆಳಗಾದ್ರೆ ಗಾಳಿ ಡಬ್ಬ ನಿಲ್ಲಗೊಡಲ್ಲ, ಕಬ್ಬಿಣ ಕೆಳಗಿಳಿಯಕ್ಕೆ ನೋಡ್ತದೆ. ಒಳಗಿನ ನೀರು ತೂತಲ್ಲಿ ಬಸ್ದು ಹೋಗ್ತದೆ." ದಾರ ಗೀರ ಕಟ್ಟಿದ್ದಾರೋ ಎಂದು ನಾನು ಎರಡು ಸಲ ತಡಕಿ ನೋಡಿದೆ.

ಹಣ್ಣು ತೊಳೆಯುವ ತೊಟ್ಟಿಯ ಹತ್ತಿರ ಸಣ್ಣಜ್ಜ, "ದೋಣೀಲಿ ಏಳು ಜನ ಇದ್ವಿ. ಏಳು ಹಣ್ಣು ಇಡು ಕಪಿ" ಎಂದರು. ಏಳರವರೆಗೆ ಗಟ್ಟಿಯಾಗಿ ಎಣಿಸಿ, ದೋಣಿಯಲ್ಲಿ ಆರನ್ನೇ ಇಟ್ಟೆ. ಮುದುಕ ಲೆಕ್ಕದಲ್ಲಿ ಎಡವಲಿ ಎಂದು ಏಳನೆಯದನ್ನು ದವಡೆಗೆ ಸೇರಿಸಿದೆ.

ಅವರು ದೋಣಿ ಮಗುಚಿದರು. ಅದು ಒಂದು ಕ್ಷಣ ತಡವರಿಸಿ, ಹೊರಳಿ, ಎದ್ದು ನಿಂತಿತು. ಕಳಿತ ಹಣ್ಣುಗಳು ಮುಳುಗಿದವು. ಸಣ್ಣಜ್ಜ ದೋಣಿಯನ್ನು ನೋಡಲೇ ಇಲ್ಲ. ಅಂಗಿಯ ತೋಳು ಮಡಚಿ, ಬೋರಲಾಗಿ ನೀರಿಗೆ ಕೈಯಿಳಿಸಿ, ಒಂದೊಂದೇ ಹಣ್ಣು ಹೆಕ್ಕಿ ಕಟ್ಟೆ ಮೇಲಿಟ್ಟರು. ಆರು.

"ಇನ್ನೊಬ್ಬ?"

"ಎದ್ದಿತಲ್ಲ, ನಂಬಿದೆ. ಬಿಡು," ಎಂದರು ಅಜ್ಜಿ.

"ಅವತ್ತು ಸಮುದ್ರದಲ್ಲೂ ಎದ್ದಿತ್ತು ಅತ್ತಿಗೆ. ತಿರುಗಿ ಆರೇ ಜನ ಹತ್ತಿದ್ವಿ."

ಹರಿಗೋಲಿಗೆ ಕಾಲಿಡದ ಮನುಷ್ಯ ಪಂಚೆ ಸಮೇತ ತೊಟ್ಟಿಗಿಳಿದರು. ಸೊಂಟದುದ್ದ ತಣ್ಣೀರಿನಲ್ಲಿ, ಪಾದದಿಂದ ತಳ ಸವರುತ್ತ, ಬಿಸಿಲು ಇಳಿಯುವ ತನಕ ಹುಡುಕಿದರು. ನಾನು ಬಾಯಿ ತೆರೆದಿದ್ದರೆ ಸಾಕಿತ್ತು.

ಆ ಮನೆ ಈಗಿಲ್ಲ. ತೊಟ್ಟಿ ಬಿರುಕು ಬಿಟ್ಟಿದೆ. ಅವರ ದನಿಯನ್ನು ನಾನು ಮತ್ತೆಂದೂ ಅಣಕಿಸಲಿಲ್ಲ. ಅವತ್ತು ನಾಲಿಗೆ ಮೇಲೆ ಹಣ್ಣಿನ ಸಿಹಿಯೆಲ್ಲ ಕರಗಿ, ಬೀಜ ಮಾತ್ರ ಉಳಿದಿತ್ತು.