ಹರಗೋಲಿನ ತೂತು ಹುಡುಕುವ ಕೆಲಸ

ಆಗೆಲ್ಲ ದಸರಾ ರಜೆ ಎಂದರೆ ಊರಿನ ಮಕ್ಕಳಿಗೆ ಆಟ, ನನಗೊಬ್ಬಳಿಗೆ ನೌಕರಿ. ಸಿರುಗುಪ್ಪದಿಂದಾಚೆ ತುಂಗಭದ್ರೆಯ ದಂಡೆಯಲ್ಲಿ ನಮ್ಮ ಮನೆ. ಅಪ್ಪ ಊರವರನ್ನು ಹೊಳೆ ದಾಟಿಸುವ ಹರಗೋಲು, ಅಂದರೆ ಬುಟ್ಟಿಯಂಥ ದುಂಡು ದೋಣಿ, ನಡೆಸುತ್ತಿದ್ದ. ಮಳೆಗಾಲವೆಲ್ಲ ಬೇವಿನ ಮರದ ಕೆಳಗೆ ಬೋರಲು ಮಲಗಿದ್ದ ಆ ಹಳೆಯ ಹರಗೋಲನ್ನು, ಹೊಳೆ ಇಳಿದ ಮೇಲೆ, ತಪಾಸಣೆ ಮಾಡದೆ ನೀರಿಗೆ ಬಿಡುತ್ತಿರಲಿಲ್ಲ.

ಆ ತಪಾಸಣೆ ನನ್ನದು. ಬಿದಿರಿನ ಹೆಣಿಗೆಯ ಮೇಲೆ ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿದಿರುತ್ತಿತ್ತು. ಬಿಸಿಲಿಗೆ ಎಳೆದು ಬೋರಲು ಹಾಕಿದ ಮೇಲೆ ನಾನು ಒಳಗೆ ತೂರಿಕೊಳ್ಳುತ್ತಿದ್ದೆ. ಸುತ್ತ ಅಂಚಿಗೆ ಕಂಬಳಿ ಮುಚ್ಚುತ್ತಿದ್ದರು. ಒಳಗೆ ಮೀನು, ಡಾಂಬರು, ಒಣಗಿದ ಕೆಸರಿನ ವಾಸನೆ, ಬೆವರು ಬೇರೆ. ಕತ್ತಲಲ್ಲಿ ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಕಸಬರಿಗೆ ಕಡ್ಡಿ ಚುಚ್ಚಬೇಕು. ಹೊರಗೆ ಕಡ್ಡಿಯ ತುದಿ ಕಂಡಲ್ಲಿ ಅಪ್ಪ ಬಿಸಿ ಡಾಂಬರು ಬಳಿಯುತ್ತಿದ್ದ. ನನಗೋ, ಊರನ್ನೇ ನಾನು ದಾಟಿಸುತ್ತಿದ್ದೇನೆ ಎಂಬ ಜಂಬ.

ನನಗೆ ಒಂಬತ್ತು ವರ್ಷವಾಗಿದ್ದಾಗ, ಒಂದು ಚುಕ್ಕಿ ಉಳಿದಿರುವಾಗಲೇ ಕಡ್ಡಿ ಮುಗಿದವು. ಅದೇ ಹೊತ್ತಿಗೆ ಅಜ್ಜಿ ಮೆಣಸಿನಕಾಯಿ ಬಜ್ಜಿ ಕರಿಯುವ ಘಮ ಕಂಬಳಿ ದಾಟಿ ಒಳಗೆ ಬಂತು. ನನ್ನ ನಿಷ್ಠೆ ಅಲ್ಲಿಗೇ ಕರಗಿತು. "ಮುಗೀತಪ್ಪಾ" ಎಂದು ಹೊರಗೆ ಓಡಿದೆ.

ಮರುದಿನ ಬೆಳಿಗ್ಗೆ ಹರಗೋಲು ನೀರಿನ ಅಂಚಿಗೆ ಬಂತು. ಮೂರು ತಿಂಗಳಿಂದ ಆಚೆ ದಂಡೆಯ ತನ್ನ ತಂಗಿಯ ಮುಖ ನೋಡದ ಅಜ್ಜಿ ಚೀಲ ಹಿಡಿದು ಹತ್ತಿಯೇ ಕೂತಳು. ಅವಳಿಗೆ ಈಜು ಬರುತ್ತಿರಲಿಲ್ಲ.

"ನನ್ನ ಮೊಮ್ಮಗಳು ನೋಡ್ಯಾಳ. ನಂಗ್ಯಾತರ ಅಂಜಿಕಿ?" ಎಂದಳು.

ತೂತಿನ ವಿಷಯ ಹೇಳಿದರೆ ನನ್ನ ನೌಕರಿ ತಂಗಿ ಗೌರಿಯ ಪಾಲು. ಹೇಳದಿದ್ದರೆ ಅಜ್ಜಿ ನಡುಹೊಳೆಯಲ್ಲಿ. ಹರಗೋಲಿನ ಅಂಚು ಹಿಡಿದು ನಿಂತುಬಿಟ್ಟೆ.

"ಅಪ್ಪಾ, ತಡಿ. ಒಂದು ತೂತು ಬಿಟ್ಟೀನಿ."

"ಕಾಣಲಿಲ್ಲೇನು ಈರಿ?"

"ಕಂಡಿತ್ತು. ಕಡ್ಡಿ ಮುಗಿದಿದ್ವು. ಬಜ್ಜಿ ವಾಸನಿ ಬಂತು."

ಅಪ್ಪ ಹುಟ್ಟು ಕೆಳಗಿಟ್ಟ. ತನ್ನ ತಾಯಿಯ ಕಡೆ ತಿರುಗಿ, "ಯವ್ವಾ, ಇಳಿ" ಎಂದ.

"ಬಜ್ಜಿ ಮಾಡಿದ್ದು ನಂದ ತಪ್ಪು ಬಿಡು," ಎನ್ನುತ್ತ ಅಜ್ಜಿ ಇಳಿದಳು.

ಹರಗೋಲು ಮತ್ತೆ ಬಿಸಿಲಿಗೆ ಬೋರಲಾಯಿತು. ಗೌರಿ ಆಗಲೇ ಲಂಗ ಎತ್ತಿಕೊಂಡು ನುಗ್ಗಲು ಬಗ್ಗಿದ್ದಳು. ಅಪ್ಪ ಅವಳನ್ನು ಹಿಂದಕ್ಕೆಳೆದ.

"ನೀ ಬ್ಯಾಡ. ಈರಿ ನೋಡ್ಲಿ."

ನನ್ನ ಕೈಗೆ ಒಂದು ಹಿಡಿ ಕಡ್ಡಿ ಇಟ್ಟ. ಒಳಗೆ ಕೂತು ಮೊದಲು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಇಂಚಿಂಚೂ ನೋಡಿದೆ. ಬಿಟ್ಟದ್ದರ ಜೊತೆಗೆ, ಹಿಂದಿನ ದಿನ ನಿಜವಾಗಿಯೂ ಕಾಣದಿದ್ದ ಇನ್ನೊಂದೂ ಸಿಕ್ಕಿತು.

"ಎಲ್ಲಾ ಆತೇನು?"

"ಆತಪ್ಪ."

ಅಪ್ಪ ಡಾಂಬರು ಬಳಿದ. ತಾನು ಇಣುಕಿ ನೋಡಲಿಲ್ಲ, ಗೌರಿಯನ್ನೂ ಒಳಗೆ ಕಳಿಸಲಿಲ್ಲ. ಡಾಂಬರು ಆರಿದ ಮೇಲೆ, "ಬಾ ಯವ್ವಾ, ಕೂಡು" ಎಂದ. ಅಜ್ಜಿ ಕೂತಳು, ನಾನೂ ಹತ್ತಿದೆ. ಹೊಳೆ ದಾಟುವವರೆಗೂ ಅಜ್ಜಿ ತನ್ನ ತಂಗಿಯ ಸುದ್ದಿಯೇ ಮಾತಾಡಿದಳು. ಒಮ್ಮೆಯೂ ಕಾಲಡಿ ನೋಡಲಿಲ್ಲ. ನಾನು ಮಾತ್ರ ಬೇರೇನೂ ನೋಡಲಿಲ್ಲ.

ಈಗ ಅಲ್ಲಿ ಸೇತುವೆ ಇದೆ, ಅಪ್ಪ ಇಲ್ಲ. ನಾನು ಬಳ್ಳಾರಿಯ ಪಾರ್ವತಿನಗರದಲ್ಲಿ ಸುಖವಾಗಿದ್ದೇನೆ. ದೂರುವಂಥದ್ದು ಏನೂ ಇಲ್ಲ. ಆಮೇಲೆಯೂ ಎಷ್ಟೋ ತಪ್ಪು ಮಾಡಿದೆ, ಒಪ್ಪಿಕೊಂಡೆ. ಕ್ಷಮಿಸಿದವರು ಬೇಕಾದಷ್ಟು ಜನ. ಒಪ್ಪಿಕೊಂಡ ಗಳಿಗೆಯಲ್ಲೇ ಅದೇ ಕೆಲಸವನ್ನು ತಿರುಗಿ ನನ್ನ ಕೈಗೆ ಕೊಟ್ಟು, ಅಪ್ಪನ ಹಾಗೆ ತನ್ನ ತಾಯಿಯನ್ನು ಆ ಹರಗೋಲಿನಲ್ಲಿ ಕೂರಿಸಿದವರು ಮತ್ತೆ ಯಾರೂ ಸಿಗಲಿಲ್ಲ.